ಉಪಕಾರಸ್ಮರಣೆಯ ಪಾಠ

ಮಕ್ಕಳಿಗೆ ದೇವರ ಉಪಕಾರವನ್ನು ನೆನೆಯುವುದನ್ನು ಕಲಿಸಬೇಕೆಂದು ಎಲ್ಲ ಮತಗಳೂ ಹೇಳುತ್ತವೆ. ಹೇಗೆ ಕಲಿಸಬೇಕೆಂಬುದನ್ನು ಮಾತ್ರ ಪ್ರತಿಯೊಂದು ಮನೆಯೂ ತಾನೇ ಕಂಡುಕೊಳ್ಳಬೇಕಾಗಿದೆ. ‘ಕೈ ಮುಗಿ, ಪ್ರಾರ್ಥನೆ ಹೇಳು’ ಎಂದು ಗದರಿಸಿದರೆ ಮಗು ಕೈಯನ್ನೇನೋ ಮುಗಿದೀತು. ಅದರ ಕಣ್ಣು ತಟ್ಟೆಯ ಮೇಲೆಯೇ ಇರುತ್ತದೆ. ಈ ವಿಷಯದಲ್ಲಿ ನಮ್ಮ ನಾಡಿನ ಕ್ರೈಸ್ತ ಕುಟುಂಬಗಳು ನಡೆಸಿಕೊಂಡು ಬಂದಿರುವ ಒಂದೆರಡು ಪದ್ಧತಿಗಳು ಎಲ್ಲ ತಂದೆತಾಯಿಗಳ ವಿಚಾರಕ್ಕೂ ಯೋಗ್ಯವಾಗಿವೆ.

ಮೊದಲು ಒಂದು ಮಾತಿನ ಸಂಗತಿ. ಬೆಳಗಾವಿಗೆ 1820ರಲ್ಲಿ ಲಂಡನ್ ಮಿಷನ್ನಿನವರು ಬಂದರು. ಧಾರವಾಡದಲ್ಲಿ 1837ರಲ್ಲಿಯೂ ಹುಬ್ಬಳ್ಳಿಯಲ್ಲಿ 1839ರಲ್ಲಿಯೂ ಬಾಸೆಲ್ ಮಿಷನ್ನಿನವರು ನೆಲೆಯೂರಿದರು. ಇವರೂ ಇವರ ಜೊತೆಗಿದ್ದ ಕನ್ನಡಿಗರೂ ತಮ್ಮ ಧರ್ಮದ ಭಾವನೆಗಳಿಗೆ ಕನ್ನಡದಲ್ಲಿ ಮಾತು ಹುಡುಕಬೇಕಾಯಿತು. ‘ಕೃತಜ್ಞತೆ’ ಎಂಬುದು ಗ್ರಂಥದ ಮಾತು. ಮಾಡಿದ್ದನ್ನು ಅರಿತಿರುವುದು ಎಂದು ಅದರ ಅರ್ಥ. ಆದರೆ ಕ್ರೈಸ್ತರ ಮನೆಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದ ಮಾತು ‘ಸ್ತೋತ್ರ’. ಇಂದಿಗೂ ಪರೀಕ್ಷೆಯಲ್ಲಿ ಮಗ ತೇರ್ಗಡೆಯಾದರೆ, ಜ್ವರ ಬಿಟ್ಟರೆ, ಮಳೆ ಬಂದರೆ, ಮನೆಯ ಅಜ್ಜಿ ‘ದೇವರಿಗೆ ಸ್ತೋತ್ರ’ ಎನ್ನುತ್ತಾಳೆ. ಕನ್ನಡ ಬೈಬಲಿನಲ್ಲಿ ಯೇಸು ಕಡೆಯ ಭೋಜನದ ರೊಟ್ಟಿಯನ್ನು ಮುರಿಯುವ ಮುನ್ನ ಮಾಡಿದ್ದೂ ಸ್ತೋತ್ರವೇ. ಹೊಗಳಿಕೆಗೆ ಮೀಸಲಾಗಿದ್ದ ಸಂಸ್ಕೃತ ಶಬ್ದವೊಂದು ಹೀಗೆ ಉಪಕಾರಸ್ಮರಣೆಯ ಅರ್ಥವನ್ನೂ ಹೊತ್ತುಕೊಂಡಿತು. ಇದರಿಂದ ಒಂದು ಲಾಭವಾಯಿತೆಂದು ನನ್ನ ಭಾವನೆ. ಸ್ತೋತ್ರವೆಂದಾಗ ದೃಷ್ಟಿ ಕೊಟ್ಟ ವಸ್ತುವನ್ನು ದಾಟಿ ಕೊಟ್ಟವನ ಕಡೆಗೆ ಹೋಗುತ್ತದೆ.

ಆದರೆ ಮಗು ಮಾತಿಗಿಂತ ಕೈಯಿಂದ ಬೇಗ ಕಲಿಯುತ್ತದೆ. ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಮೊಂತಿ ಹಬ್ಬ ಇದಕ್ಕೆ ಒಳ್ಳೆಯ ನಿದರ್ಶನ. ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತುಂಬಿಕೊಂಡು ಇಗರ್ಜಿಗೆ ಹೋಗಿ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗಳಿಗೆ ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬು ಬರುತ್ತದೆ. ಆ ತೆನೆಯ ಕಾಳುಗಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಸೇವಿಸುತ್ತಾರೆ. ಮೀನು ಮಾಂಸಗಳಿಗೆ ಆ ದಿನ ಎಡೆಯಿಲ್ಲ. ಮುಂಬಯಿಯಲ್ಲೋ ಪರದೇಶದಲ್ಲೋ ಇರುವ ಮಗನಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ತಾಯಂದಿರೂ ಉಂಟು. ಒಂಬತ್ತು ದಿನ ಹೂ ಕೊಯ್ದ ಮಗುವಿಗೆ, ಕೊಡುವುದರ ಸುಖವು ಪಡೆಯುವುದಕ್ಕಿಂತ ಮೊದಲೇ ಅಭ್ಯಾಸವಾಗಿರುತ್ತದೆ.

ಪ್ರಾಟೆಸ್ಟಂಟರ ಸಭೆಗಳಲ್ಲಿ ನಡೆಯುವ ಸುಗ್ಗಿಯ ಹಬ್ಬವೂ ಇಂಥದೇ. ಜೋಳ, ಕುಂಬಳಕಾಯಿ, ಕೋಳಿ, ಮೊಟ್ಟೆ — ಮನೆಯಲ್ಲಿ ಬೆಳೆದುದರ ಪ್ರಥಮ ಪಾಲನ್ನು ದೇವಾಲಯಕ್ಕೆ ತರುತ್ತಾರೆ. ಆರಾಧನೆಯ ತರುವಾಯ ಅವುಗಳನ್ನು ಲಿಲಾವು ಮಾಡುತ್ತಾರೆ. ಒಂದು ಮೊಟ್ಟೆ ಪೇಟೆಯ ಬೆಲೆಯ ಹತ್ತು ಪಟ್ಟಿಗೆ ಹೋಗುವುದುಂಟು. ತನ್ನ ಕೋಳಿಯ ಮೊಟ್ಟೆಯನ್ನು ಕೂಗಿ ಮಾರುವಾಗ ಹಿಗ್ಗುವ ಹುಡುಗನಿಗೆ ಬೇರೆ ಉಪದೇಶ ಬೇಕಿಲ್ಲ. ಗೋಕಾಕ, ತುಕ್ಕಾನಟ್ಟಿ, ಮೂಡಲಗಿಗಳ ಸೀಮೆಯಲ್ಲಿ ಎಳ್ಳಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುವ ಒಕ್ಕಲಿಗನ ಮಗನಿಗೆ ಈ ಹಬ್ಬದ ಮರ್ಮವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟರವರೆಗೆ ಸುಗಮವೇ. ಕಷ್ಟವಿರುವುದು ಬೆಳೆ ಬಾರದ ವರ್ಷದಲ್ಲಿ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳಿಗೂ ನದೀತೀರದ ಹಳ್ಳಿಗಳಿಗೂ ನುಗ್ಗಿತು. ಮನೆಗಳು ಬಿದ್ದವು, ಕಬ್ಬು ನೀರಿನಲ್ಲಿ ನಿಂತು ಕೊಳೆಯಿತು. ಅಂಥ ಸಂಜೆ ‘ದೇವರು ನಮ್ಮ ಮನೆಯನ್ನು ಉಳಿಸಿದನು, ಸ್ತೋತ್ರ ಹೇಳು’ ಎಂದು ತಾಯಿ ಹೇಳಿದರೆ, ‘ಹಾಗಾದರೆ ಆಚೆ ಮನೆಯವರದನ್ನು ಏಕೆ ಉಳಿಸಲಿಲ್ಲ, ಅವ್ವಾ?’ ಎಂದು ಮಗು ಕೇಳದಿದ್ದೀತೇ? ಈ ಪ್ರಶ್ನೆಯನ್ನು ಅಧಿಕಪ್ರಸಂಗವೆಂದು ಗದರಿಸಿ ಅಡಗಿಸುವುದು ದೊಡ್ಡ ತಪ್ಪು. ಇದಕ್ಕೆ ಪೂರ್ಣವಾದ ಉತ್ತರ ತಾಯಿಗೂ ತಿಳಿಯದು. ಅದನ್ನು ಒಪ್ಪಿಕೊಂಡರೆ ಮಗುವಿನ ದೃಷ್ಟಿಯಲ್ಲಿ ಅವಳು ಸಣ್ಣವಳಾಗುವುದಿಲ್ಲ.

ಇತರರ ದುರ್ದೆಸೆಯನ್ನು ತೋರಿಸಿ ಮಕ್ಕಳಿಂದ ಕೃತಜ್ಞತೆಯನ್ನು ಹೊರಡಿಸುವುದು ನಮ್ಮೆಲ್ಲರ ಮನೆಗಳಲ್ಲಿಯೂ ಇರುವ ರೂಢಿ. ‘ಆ ಬಡವರ ಹುಡುಗನನ್ನು ನೋಡು, ನಿನಗೆ ಎಷ್ಟೆಲ್ಲ ಇದೆ!’ ಎನ್ನುತ್ತೇವೆ. ಲೂಕನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯ ಈ ರೂಢಿಯ ಬೇರಿಗೇ ಕೊಡಲಿ ಹಾಕುತ್ತದೆ. ದೇವಾಲಯಕ್ಕೆ ಇಬ್ಬರು ಬಂದರು. ತಾನು ಇತರರಂತಲ್ಲ ಎಂಬುದಕ್ಕಾಗಿ ಫರಿಸಾಯನು ದೇವರಿಗೆ ಸ್ತೋತ್ರ ಹೇಳಿದನು. ಸುಂಕದವನು ದೂರದಲ್ಲಿ ನಿಂತು ಎದೆ ಬಡಿದುಕೊಂಡು ಕರುಣೆಯನ್ನು ಮಾತ್ರ ಬೇಡಿದನು. ದೇವರ ಮುಂದೆ ನೀತಿವಂತನೆನಿಸಿ ಮನೆಗೆ ಹೋದವನು ಸುಂಕದವನೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ಗಾದೆ ಕಟ್ಟಿದ ನಮಗೆ ಈ ಕಥೆ ಇನ್ನಷ್ಟು ಚುರುಕಾಗಿ ತಾಗಬೇಕು. ಕೃತಜ್ಞತೆಯ ವೇಷದಲ್ಲಿಯೂ ಅಹಂಕಾರ ಒಳನುಗ್ಗಬಲ್ಲುದು.

ಹಾಗಾದರೆ ನೆರೆಯ ಸಂಜೆ ತಾಯಿ ಮಾಡಬೇಕಾದುದೇನು? ಮನೆಯಲ್ಲಿ ಉಳಿದಿರುವ ಹಿಟ್ಟಿನಿಂದ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದು, ಆಚೆ ಮನೆಯವರಿಗೆ ಮಗುವಿನ ಕೈಯಲ್ಲಿಯೇ ಕಳುಹಿಸಬಹುದು. ದೇವರು ಕೊಟ್ಟದ್ದು ನಮಗೊಬ್ಬರಿಗೇ ಅಲ್ಲವೆಂಬುದನ್ನು ಆ ಮಗು ರೊಟ್ಟಿಯ ಬಿಸಿಯಿಂದಲೇ ತಿಳಿಯುತ್ತದೆ.

ಅದೇ ಸುವಾರ್ತೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆಯೂ ಇದೆ. ಹತ್ತು ಮಂದಿಯೂ ಗುಣಹೊಂದಿದರು. ಹಿಂದಿರುಗಿ ಬಂದು ಉಪಕಾರ ನೆನೆದವನು ಒಬ್ಬನೇ, ಅವನೂ ಯೆಹೂದ್ಯರು ಕೀಳೆಂದು ಎಣಿಸುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿಯ ಆರೋಗ್ಯವನ್ನು ಮತ್ತೆ ಕಸಿದುಕೊಂಡ ಪ್ರಸ್ತಾಪ ಅಲ್ಲಿಲ್ಲ. ಮಕ್ಕಳಿಗೆ ಈ ಕಥೆ ಹೇಳುವವರು ಈ ಅಂಶವನ್ನು ಮರೆಯಬಾರದು. ಪ್ರಾರ್ಥನೆ ತಪ್ಪಿಸಿದರೆ ದೇವರು ಶಿಕ್ಷಿಸುವನೆಂದು ಹೆದರಿಸಿದರೆ, ಹೇಳಿದರೆ ಇನ್ನಷ್ಟು ಕೊಡುವನೆಂದು ಆಸೆ ತೋರಿಸಿದರೆ, ಮಗು ಕಲಿಯುವುದು ವ್ಯಾಪಾರವನ್ನು.

ಊಟದ ಮುಂದೆ ಪ್ರಾರ್ಥಿಸುವ ಮನೆಗಳಲ್ಲಿ ಇನ್ನೊಂದು ಸಣ್ಣ ಸೇರ್ಪಡೆ ಸಾಧ್ಯ. ದೇವರ ಹೆಸರಿನ ಜೊತೆಗೆ ಜೋಳ ಬಿತ್ತಿದವನನ್ನು, ಹಾಲು ತಂದವನನ್ನು, ಒಲೆಯ ಮುಂದೆ ಬೆಂದ ಅವ್ವನನ್ನು ಮಗು ಹೆಸರಿಟ್ಟು ನೆನೆಯಲಿ. ತಂದೆಯೂ ಹಾಗೆಯೇ ನೆನೆಯಲಿ. ಅಡಿಗೆಗೆ ಉಪ್ಪು ಕಡಿಮೆಯೆಂದು ಪ್ರಾರ್ಥನೆ ಮುಗಿದ ಮರುಕ್ಷಣವೇ ತಟ್ಟೆ ನೂಕುವ ತಂದೆಯ ಮನೆಯಲ್ಲಿ ಯಾವ ಸ್ತೋತ್ರವೂ ಮಗುವಿನ ಮನಸ್ಸಿನಲ್ಲಿ ನಿಲ್ಲಲಾರದು.