ಸೀಲಿಂಗಿನ ಮೇಲಿನ ಆಕಾಶ ಯಾವ ಊರಿನದು?

ಮುಂಬೈಯಲ್ಲಿ ಯಾರಾದರೂ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಕರೆದರೆ, ಊಟ ಮುಗಿದ ಮೇಲೆ ಮನೆ ತೋರಿಸುವ ಕಾರ್ಯಕ್ರಮ ಇದ್ದೇ ಇರುತ್ತದೆ. ಈಚೆಗೆ ಅದಕ್ಕೊಂದು ಹೊಸ ಐಟಂ ಸೇರಿದೆ. ಬಂದವರನ್ನೆಲ್ಲ ಮಕ್ಕಳ ಕೋಣೆಗೆ ತುಂಬಿ, ಬಾಗಿಲು ಹಾಕಿ, ಪರದೆ ಎಳೆದು, ದೀಪ ಆರಿಸುತ್ತಾರೆ. ಹಗಲಲ್ಲಿ ಬರೀ ಬಿಳಿ ಬಣ್ಣ ಬಳಿದಂತೆ ಕಾಣುವ ಸೀಲಿಂಗಿನ ತುಂಬ ಹಸಿರು ಚುಕ್ಕೆಗಳು ಹೊಳೆಯುತ್ತವೆ. ಠಾಣೆ, ಡೊಂಬಿವಲಿ, ನವಿ ಮುಂಬೈ, ಎಲ್ಲ ಕಡೆಯೂ ಇದನ್ನು ಬರೆದುಕೊಡುವ ಪೇಂಟರುಗಳಿದ್ದಾರೆ. ಇನ್ನೂ ಅನುಕೂಲ ಇದ್ದವರು ಒಂದು ಕೋಣೆಯನ್ನೇ ಹೋಮ್ ಥಿಯೇಟರ್ ಮಾಡಿ, ಕಡುನೀಲಿ ಸೀಲಿಂಗಿನಲ್ಲಿ ಫೈಬರ್ ಎಳೆಗಳ ನಕ್ಷತ್ರ ಕೂರಿಸುತ್ತಾರೆ.

ಇದನ್ನು ಶೋಕಿ ಎಂದು ನಗುವವರ ಜೊತೆ ನಾನಿಲ್ಲ. ಕತ್ತಲಿರುವ ಜಾಗದಲ್ಲಿ ನಿಂತರೆ ಒಂದು ಸಲಕ್ಕೆ ಎರಡೂವರೆ ಮೂರು ಸಾವಿರ ನಕ್ಷತ್ರಗಳು ಬರಿಗಣ್ಣಿಗೆ ಕಾಣುತ್ತವೆ. ನಮ್ಮ ಉಪನಗರದ ಟೆರೇಸಿನಿಂದ ಡಿಸೆಂಬರಿನ ಶುಭ್ರ ರಾತ್ರಿಯಲ್ಲೂ ಕಾಣುವುದನ್ನು ಬೆರಳು ಮಡಚಿ ಎಣಿಸಬಹುದು. ಲುಬ್ಧಕ ಸಿಗುತ್ತದೆ, ಮಹಾವ್ಯಾಧನ ನಡುವಿನ ಮೂರು ಚುಕ್ಕೆ ಸಿಗುತ್ತವೆ, ಕೃತ್ತಿಕೆಯನ್ನು ಹುಡುಕಬೇಕು, ಆಕಾಶಗಂಗೆಯ ಮಾತೇ ಬೇಡ. ಮನುಕುಲದ ಮೂರರಲ್ಲಿ ಒಂದು ಪಾಲಿಗೆ ಮನೆಯಿಂದ ಆಕಾಶಗಂಗೆ ಕಾಣುವುದಿಲ್ಲ ಎಂದು 2016ರಲ್ಲಿ ಪ್ರಕಟವಾದ ಬೆಳಕು ಮಾಲಿನ್ಯದ ಜಾಗತಿಕ ನಕ್ಷೆ ಹೇಳಿತ್ತು. ಇಲ್ಲಿ ಹುಟ್ಟಿದ ಮಗು ತಲೆಯ ಮೇಲೆ ನಕ್ಷತ್ರ ಬೇಕು ಎಂದರೆ ಅದರಲ್ಲಿ ತಪ್ಪೇನಿದೆ?

ನನ್ನ ತಕರಾರು ಬೇರೆ. ಆ ಸೀಲಿಂಗಿನಲ್ಲಿರುವುದು ಆಕಾಶವಲ್ಲ. ಪೇಂಟರ್ ಬ್ರಷ್ ಕೊಡವಿ ಚುಕ್ಕೆ ಹಾರಿಸುತ್ತಾನೆ, ಮೂಲೆಯಲ್ಲಿ ಒಂದು ಚಂದ್ರ, ಉಂಗುರ ತೊಟ್ಟ ಶನಿ, ಮಗು ಕೇಳಿದರೆ ಒಂದು ರಾಕೆಟ್. ಅಲ್ಲಿ ಸಪ್ತರ್ಷಿ ಇಲ್ಲ, ರೋಹಿಣಿ ಇಲ್ಲ. ಮಾಡ್ಯುಲರ್ ಕಿಚನ್ ಮಾಡಿಸುವಾಗ ಅರ್ಧ ಸೆಂಟಿಮೀಟರ್ ಆಚೀಚೆಯಾದರೆ ಜಗಳ ತೆಗೆಯುವ ನಾವು, ನಕ್ಷತ್ರ ಎಲ್ಲಿದ್ದರೇನು ಎಂದು ಬಿಟ್ಟುಬಿಡುತ್ತೇವೆ.

ಕೃತಕ ಎನ್ನುವುದು ಇಲ್ಲಿ ಅಡ್ಡಿಯೇ ಅಲ್ಲ. ವರ್ಲಿಯ ನೆಹರೂ ತಾರಾಲಯ 1977ರಿಂದ, ಬೆಂಗಳೂರಿನದು 1989ರಿಂದ, ಮಂಗಳೂರಿನ ಪಿಲಿಕುಳದ್ದು 2018ರಿಂದ ತೋರಿಸುತ್ತಿರುವುದೂ ಗುಮ್ಮಟದ ಒಳಮೈಯ ಸುಳ್ಳು ನಕ್ಷತ್ರಗಳನ್ನೇ. ಆದರೆ ಅವು ಇರಬೇಕಾದ ಜಾಗದಲ್ಲಿ ಇರುತ್ತವೆ. ಮಲಗುವ ಕೋಣೆಯಲ್ಲೂ ಇದು ಸಾಧ್ಯ. ಸ್ಟೆಲೇರಿಯಮ್ ಎಂಬ ಉಚಿತ ತಂತ್ರಾಂಶದಲ್ಲಿ ಊರು, ದಿನ, ಗಂಟೆ ಕೊಟ್ಟರೆ ಆ ಹೊತ್ತಿನ ಆಕಾಶ ಬರುತ್ತದೆ. ಆಫೀಸಿನ ಗೆಳೆಯರಿಂದ ಪ್ರೊಜೆಕ್ಟರ್ ತಂದು ಮೇಲಕ್ಕೆ ಮುಖ ಮಾಡಿಟ್ಟು, ಬಿದ್ದ ಚುಕ್ಕೆಗಳ ಮೇಲೆಯೇ ಪೇಂಟರ್ ಬಣ್ಣ ಇಡಲಿ. ಪ್ರಕಾಶಕ್ಕೆ ತಕ್ಕಂತೆ ಮೂರು ಗಾತ್ರದ ಚುಕ್ಕೆ ಸಾಕು. ಒಂದು ಎಚ್ಚರಿಕೆ: ನಕ್ಷತ್ರಪಟದಲ್ಲಿ ಉತ್ತರ ಮೇಲಿದ್ದರೆ ಪೂರ್ವ ಎಡಕ್ಕಿರುತ್ತದೆ, ಏಕೆಂದರೆ ಅದು ತಲೆಯ ಮೇಲೆ ಹಿಡಿದು ನೋಡುವ ನಕ್ಷೆ. ಬುದ್ಧಿವಂತ ಪೇಂಟರ್ ಇದನ್ನು 'ಸರಿಪಡಿಸಿ'ದರೆ ಇಡೀ ಆಕಾಶ ಕನ್ನಡಿಯೊಳಗಿನದಾಗುತ್ತದೆ.

ಬಣ್ಣದ ಬಗ್ಗೆಯೂ ಎರಡು ಮಾತು. ಹಳೆಯ ಝಿಂಕ್ ಸಲ್ಫೈಡ್ ಬಣ್ಣ ಮಗು ನಿದ್ದೆ ಹೋಗುವಷ್ಟರಲ್ಲೇ ಮಂಕಾಗುತ್ತಿತ್ತು. 1990ರ ದಶಕದಲ್ಲಿ ಬಂದ ಸ್ಟ್ರಾನ್ಷಿಯಮ್ ಅಲ್ಯೂಮಿನೇಟ್ ಗಂಟೆಗಟ್ಟಲೆ ಹೊಳೆಯುತ್ತದೆ. ದೀಪದ ಬೆಳಕನ್ನು ಹೀರಿ ಇಟ್ಟುಕೊಂಡು ಕತ್ತಲಲ್ಲಿ ಸ್ವಲ್ಪಸ್ವಲ್ಪವೇ ಬಿಡುವುದು ಅದರ ಕೆಲಸ. ಹೀರಲು ಬೇಕಾದದ್ದು ನೀಲಿ ಮತ್ತು ನೇರಳಾತೀತ ಬೆಳಕು. ಹಳದಿ ಎಲ್‌ಇಡಿಯಲ್ಲಿ ಅದು ಕಡಿಮೆ, ಹಾಗಾಗಿ ಪೇಂಟ್ ಕಳಪೆ ಎಂದು ಬೈಯುವ ಮೊದಲು ಬಲ್ಬು ನೋಡಿ. ನನಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಈ ಹೊಳಪು ಮೊದಮೊದಲು ಬೇಗ ಇಳಿಯುತ್ತದೆ. ಅದೇ ಹೊತ್ತಿನಲ್ಲಿ ನಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತಿರುತ್ತದೆ, ಅದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಬಣ್ಣ ಮಂಕಾದಂತೆ ಕಣ್ಣು ಚುರುಕಾಗುವುದರಿಂದ ನಕ್ಷತ್ರ ಇದ್ದ ಹಾಗೇ ಇದೆ ಅನ್ನಿಸುತ್ತದೆ.

ಇನ್ನು ಯಾವ ಊರಿನ ಆಕಾಶ ಬರೆಸಬೇಕು? ಮುಂಬೈಯದಲ್ಲ, ಊರಿನದು ಎನ್ನುತ್ತೇನೆ. ಎರಡೂ ಒಂದೇ ಅಲ್ಲ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎನ್ನುವುದು ಸುಮಾರಾಗಿ ಆ ಊರಿನ ಅಕ್ಷಾಂಶವೇ: ಮುಂಬೈಯಲ್ಲಿ 19 ಡಿಗ್ರಿ, ನಮ್ಮ ಕುಂದಾಪುರದ ಕಡೆ ಹದಿಮೂರೂವರೆ. ದಕ್ಷಿಣದ ಅಗಸ್ತ್ಯ ಇಲ್ಲಿ ಹೆಚ್ಚೆಂದರೆ 18 ಡಿಗ್ರಿ ಏರುತ್ತದೆ, ಅಲ್ಲಿ 24ರ ಹತ್ತಿರ. ಚಪ್ಪಟೆ ಸೀಲಿಂಗಿನಲ್ಲಿ ಇವೆರಡಕ್ಕೂ ಜಾಗ ಸಿಗದು, ಗೋಡೆಗೆ ಇಳಿಸಬೇಕು. ಸಂಕ್ರಾಂತಿಯ ರಾತ್ರಿ ಒಂಬತ್ತು ಗಂಟೆಯನ್ನು ಆರಿಸಿಕೊಂಡರೆ ಕೃತ್ತಿಕೆ, ರೋಹಿಣಿ ಎರಡೂ ನೆತ್ತಿಯ ಹತ್ತಿರ ಬರುತ್ತವೆ, ಪೂರ್ವದ ಕಡೆಗೆ ಮೃಗಶಿರ. ಇವು ನಮ್ಮ ಅಜ್ಜಿಯಂದಿರ ಮಳೆಗಳ ಹೆಸರು. ಪಕ್ಕದ ಮನೆಯ ಮರಾಠಿ ಅಜ್ಜಿಗೂ ಜೂನ್ ಏಳರ ಸುಮಾರಿಗೆ ಬರುವುದು ಮೃಗದ ಮಳೆಯೇ. ಆದರೆ ಮೃಗಶಿರ ಮಳೆ ಬರುವಾಗ ಸೂರ್ಯ ಅದೇ ನಕ್ಷತ್ರದ ಜಾಗದಲ್ಲಿರುತ್ತಾನೆ, ಮೋಡ ಇಲ್ಲದಿದ್ದರೂ ಅದು ಕಾಣುವುದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ನೋಡಿ ಗುರುತಿಟ್ಟುಕೊಂಡವರಿಗೆ ಮಾತ್ರ ಮಳೆಗಾಲದಲ್ಲಿ ಆ ಹೆಸರಿಗೊಂದು ರೂಪ ಇತ್ತು. ಈಗ ನಮ್ಮ ಮಕ್ಕಳಿಗೆ ಅದು ಫೋನಿನಲ್ಲಿ ಅಜ್ಜಿ ಹೇಳುವ ಒಂದು ಶಬ್ದ.

ಇಷ್ಟೆಲ್ಲ ಮಾಡುವುದು ರಜೆಯಲ್ಲಿ ಊರಿಗೆ ಹೋದಾಗ ಮಗು ಅಂಗಳದಲ್ಲಿ ತಲೆಯೆತ್ತಿ ಗುರುತು ಹಿಡಿಯಲಿ ಎಂದು. ಅಂಗಳದಲ್ಲಿ ಆಕಾಶ ಉಳಿದಿದ್ದರೆ! ಕರಾವಳಿಯಲ್ಲಿ ಯಾವ ಕವಲು ರಸ್ತೆಗೆ ಹೋದರೂ ಈಗ ಒಂದು ಹೈಮಾಸ್ಟ್ ದೀಪ ಎದುರಾಗುತ್ತದೆ. ದೇವಸ್ಥಾನದ ಮುಂದೆ, ಶಾಲೆಯ ಮೈದಾನದಲ್ಲಿ, ಬಸ್ ನಿಲ್ದಾಣದಲ್ಲಿ, ಅಡ್ಡಡ್ಡ ಮುಖ ಮಾಡಿದ ಬಿಳಿ ಎಲ್‌ಇಡಿ. ಕಂಬದ ಬುಡದ ಫಲಕ ಓದಿ. ದಾನಿಗಳ ಹೆಸರಿನ ಮುಂದೆ ಎಷ್ಟೋ ಕಡೆ 'ಮುಂಬೈ' ಎಂದಿರುತ್ತದೆ. ಇಲ್ಲಿ ದುಡ್ಡು ಕೊಟ್ಟು ಸೀಲಿಂಗಿಗೆ ನಕ್ಷತ್ರ ಬರೆಸುವವರೂ, ಊರಿನ ನಕ್ಷತ್ರ ಅಳಿಸಲು ರಶೀದಿ ಹರಿಸಿಕೊಳ್ಳುವವರೂ ನಾವೇ.

ಊರು ಕತ್ತಲಲ್ಲಿರಲಿ ಎಂದು ಮುಂಬೈಯಲ್ಲಿ ಕೂತು ಹೇಳುವ ಧಿಮಾಕು ನನಗೆ ಬೇಡ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯ ದೀಪದ ಕೆಳಗೆ ಕಲಿತ ತಲೆಮಾರು ನಮ್ಮ ಹಿಂದಿದೆ. ಕೊನೆಯ ಬಸ್ಸಿಳಿದು ಒಬ್ಬಳೇ ನಡೆಯುವ ಹುಡುಗಿಗೆ ದಾರಿ ಕಾಣಬೇಕು, ಹಾವು ಕಾಣಬೇಕು. ಆದರೆ ಅದಕ್ಕೆ ಬೆಳಕು ಬೇಕಾಗಿರುವುದು ನೆಲದ ಮೇಲೆ. ಮಹಾರಾಷ್ಟ್ರದ ಪೆಂಚ್ ಹುಲಿ ರಕ್ಷಿತಾರಣ್ಯಕ್ಕೆ 2024ರ ಜನವರಿಯಲ್ಲಿ ದೇಶದ ಮೊದಲ 'ಡಾರ್ಕ್ ಸ್ಕೈ ಪಾರ್ಕ್' ಎಂಬ ಮನ್ನಣೆ ಸಿಕ್ಕಿತು. ಅದಕ್ಕಾಗಿ ಸುತ್ತಲಿನ ಹಳ್ಳಿಗಳ ಬೀದಿದೀಪಗಳನ್ನು ಕಿತ್ತುಹಾಕಲಿಲ್ಲ, ನೆಲಕ್ಕೆ ಮುಖ ಮಾಡಿಸಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ದೊಡ್ಡ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿಟ್ಟು, ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತದೆ. ಕತ್ತಲನ್ನು ಅಷ್ಟು ದೂರ ಹುಡುಕಿಕೊಂಡು ಹೋಗುವ ಗತಿ ನಮ್ಮ ಹಳ್ಳಿಗಳಿಗೆ ಇನ್ನೂ ಬಂದಿಲ್ಲ.

ನಮ್ಮೂರಿನ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯಿಂದ ಈ ಸಲ ಬಂದ ಪಟ್ಟಿಯಲ್ಲೂ ಹೈಮಾಸ್ಟ್ ಇತ್ತು. ಹಣ ಕೊಡುತ್ತೇನೆ ಎಂದೇ ಬರೆದಿದ್ದೇನೆ. ಒಂದು ಎತ್ತರದ ಕಂಬದ ಬದಲು ನಾಲ್ಕು ಗಿಡ್ಡ ಕಂಬ, ಮೇಲೆ ಮುಚ್ಚಳ ಇರುವ, ಕೆಳಗೆ ಮುಖ ಮಾಡಿದ ಹಳದಿ ದೀಪ, ಕೊನೆಯ ಬಸ್ಸು ಹೋದ ಮೇಲೆ ಅರ್ಧದಷ್ಟನ್ನು ಆರಿಸುವ ಟೈಮರ್. ಅಧ್ಯಕ್ಷರು ಫೋನ್ ಮಾಡಿ, "ಗಿಡ್ಡ ಕಂಬ ಹಾಕಿದ್ರೆ ಹೈವೇಯಿಂದ ಕಾಣುದಿಲ್ಲ ಮಾರಾಯ" ಎಂದರು. ಮೀಟಿಂಗಿನಲ್ಲಿ ಇಡುತ್ತಾರಂತೆ.