ಮೊಕದ್ದಮೆಗೆ ಮುನ್ನವೇ ರಕ್ಷಣೆಯ ಸಿದ್ಧತೆ

ಚಳವಳಿಯೊಂದನ್ನು ಮಣಿಸಲು ಲಾಠಿಯೇ ಬೇಕೆಂದಿಲ್ಲ, ದೀರ್ಘ ಮೊಕದ್ದಮೆಯೂ ಸಾಕು. ಅಮೆರಿಕದ ಅಟ್ಲಾಂಟಾ ನಗರದ ಅನುಭವ ನಮ್ಮೆಲ್ಲರ ಗಮನಕ್ಕೆ ಅರ್ಹವಾಗಿದೆ.

ಅಲ್ಲಿನ ಸೌತ್ ರಿವರ್ ಅರಣ್ಯದ ಸುಮಾರು 85 ಎಕರೆಯಲ್ಲಿ ಪೊಲೀಸ್ ತರಬೇತಿ ಕೇಂದ್ರ ನಿರ್ಮಿಸುವುದನ್ನು 2021ರಿಂದ ಜನರು ವಿರೋಧಿಸುತ್ತ ಬಂದರು. 2023ರ ಜನವರಿ 18ರಂದು ಅರಣ್ಯದಲ್ಲಿ ಬಿಡಾರ ಹೂಡಿದ್ದ ಕಾರ್ಯಕರ್ತರೊಬ್ಬರು ಪೊಲೀಸರ ಗುಂಡಿಗೆ ಬಲಿಯಾದರು. ಮೇ 31ರಂದು, ಬಂಧಿತರ ಜಾಮೀನಿಗಾಗಿ ನಿಧಿ ನಡೆಸುತ್ತಿದ್ದ ಮೂವರನ್ನು ಅಕ್ರಮ ಹಣ ವರ್ಗಾವಣೆ ಹಾಗೂ ದತ್ತಿ ವಂಚನೆಯ ಆರೋಪದ ಮೇಲೆ ಸೆರೆಹಿಡಿಯಲಾಯಿತು. ಆಗಸ್ಟಿನಲ್ಲಿ 61 ಮಂದಿಯ ಮೇಲೆ, ಸಂಘಟಿತ ಅಪರಾಧ ತಂಡಗಳನ್ನು ಹತ್ತಿಕ್ಕಲು ಬಳಕೆಯಲ್ಲಿರುವ 'ರಿಕೋ' ಕಾಯಿದೆಯಡಿ ಆರೋಪ ಹೊರಿಸಲಾಯಿತು. ಶಿಕ್ಷೆ 5ರಿಂದ 20 ವರ್ಷ. ಯಂತ್ರಗಳಿಗೆ ಬೆಂಕಿ ಹಚ್ಚಿದ ಘಟನೆಗಳೂ ಅಲ್ಲಿ ನಡೆದಿದ್ದವು, ನಿಜ. ಆದರೆ ಕರಪತ್ರ ಹಂಚಿದವರನ್ನೂ, ಅಂಟು ಕೊಂಡ ಹಣವನ್ನು ಮರುಪಾವತಿಸಿದವರನ್ನೂ ಅದೇ ಹಗ್ಗದಲ್ಲಿ ಬಿಗಿದದ್ದು ನ್ಯಾಯವೆನಿಸದು.

ಈ ಆರೋಪಗಳು ಹೊರಬಿದ್ದದ್ದು 'ಗ್ರ್ಯಾಂಡ್ ಜೂರಿ'ಯ ಮೂಲಕ. 16ರಿಂದ 23 ನಾಗರಿಕರ ಈ ಮಂಡಳಿ ಗುಟ್ಟಾಗಿ ಸೇರುತ್ತದೆ. ಸರ್ಕಾರಿ ಅಭಿಯೋಜಕರು ಮಂಡಿಸುವ ಸಾಕ್ಷ್ಯವನ್ನೇ ಮುಖ್ಯವಾಗಿ ಆಲಿಸುತ್ತದೆ. 12 ಮಂದಿ ಒಪ್ಪಿದರೆ ಆರೋಪ ಸಿದ್ಧ. ಆರೋಪಿಯ ಪರವಾಗಿ ವಾದಿಸಲು ಅಲ್ಲಿ ವಕೀಲರಿರುವುದಿಲ್ಲ. ಒಕ್ಕೂಟದ ಗ್ರ್ಯಾಂಡ್ ಜೂರಿಯ ಮುಂದೆ, ನ್ಯಾಯಾಲಯ ಆದೇಶಿಸಿದ ಮೇಲೂ ಸಾಕ್ಷ್ಯ ನುಡಿಯಲೊಪ್ಪದವರನ್ನು 18 ತಿಂಗಳವರೆಗೆ ಸೆರೆಯಲ್ಲಿಡಬಹುದು.

ಪರಿಣಾಮವೇನಾಯಿತು? ನಿಧಿಯವರ ಮೇಲಿನ ಅಕ್ರಮ ಹಣ ವರ್ಗಾವಣೆಯ ಆರೋಪವನ್ನು 2024ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಕೈಬಿಟ್ಟಿತು. ಗವರ್ನರರ ಅನುಮತಿಯಿಲ್ಲದೆ ಹೂಡಿದ ರಿಕೋ ಆರೋಪಗಳು ನಿಲ್ಲಲಾರವೆಂದು 2025ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಕೆವಿನ್ ಫಾರ್ಮರ್ ಹೇಳಿದರು. ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಅದೇ ಏಪ್ರಿಲಿನಲ್ಲಿ ತರಬೇತಿ ಕೇಂದ್ರವೂ ತೆರೆದಿತ್ತು. ನ್ಯಾಯಾಲಯದಲ್ಲಿ ಗೆಲುವು ಸಮೀಪಿಸಿದಾಗ ಕಾಡು ಉಳಿದಿರಲಿಲ್ಲ.

ನಮ್ಮಲ್ಲಿ ಗ್ರ್ಯಾಂಡ್ ಜೂರಿ ಇಲ್ಲ. ಆದರೂ 2021ರ ಫೆಬ್ರುವರಿ 13ರಂದು, ರೈತ ಚಳವಳಿಯನ್ನು ಬೆಂಬಲಿಸಿದ ಒಂದು 'ಟೂಲ್‌ಕಿಟ್' ಸಂಬಂಧ, ಬೆಂಗಳೂರಿನ ಯುವ ಪರಿಸರ ಕಾರ್ಯಕರ್ತೆಯೊಬ್ಬರನ್ನು ರಾಜದ್ರೋಹದ ಆರೋಪದ ಮೇಲೆ ದೆಹಲಿಗೆ ಕರೆದೊಯ್ದದ್ದನ್ನು ನಾವು ಮರೆತಿಲ್ಲ. ಜಾಮೀನು ದೊರೆತದ್ದು 23ರಂದು. ತನ್ನ ಆಯ್ಕೆಯ ವಕೀಲರನ್ನು ಕಾಣುವ ಹಕ್ಕನ್ನು ಸಂವಿಧಾನದ 22ನೆಯ ವಿಧಿ ಕೊಟ್ಟಿದೆ. 39ಎ ವಿಧಿ ಉಚಿತ ಕಾನೂನು ನೆರವನ್ನು ನಿರ್ದೇಶಿಸಿದೆ. ಆದರೆ ಬಂಧನದ ಗಳಿಗೆಯಲ್ಲಿ ಯಾರಿಗೆ ಕರೆ ಮಾಡಬೇಕೆಂದು ತಿಳಿಯದವನಿಗೆ ಈ ಹಕ್ಕುಗಳು ಕಾಗದದ ಮೇಲಷ್ಟೇ ಉಳಿಯುತ್ತವೆ.

ಅಡಿಕೆಗೆ ಕೊಳೆರೋಗ ತಗಲುವ ಮುನ್ನವೇ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂಬುದು ಮಲೆನಾಡಿನ ಪ್ರತಿ ಬೆಳೆಗಾರನೂ ಬಲ್ಲ ಸಂಗತಿ. ಕಾನೂನು ರಕ್ಷಣೆಯೂ ಹಾಗೆಯೇ. ಪ್ರತಿ ತಾಲ್ಲೂಕಿನಲ್ಲಿ ನಮ್ಮನ್ನು ಬಲ್ಲ ಒಬ್ಬ ವಕೀಲರಿರಲಿ. ಜಾಮೀನಿಗೆ ನಿಲ್ಲಬಲ್ಲವರ ಪಟ್ಟಿ, ಪಹಣಿ ಪ್ರತಿಗಳೊಡನೆ ಸಿದ್ಧವಿರಲಿ. ಸಣ್ಣದಾದರೂ ಸರಿ, ಒಂದು ರಕ್ಷಣಾ ನಿಧಿ ಇರಲಿ. ಅಟ್ಲಾಂಟಾದಲ್ಲಿ ಅಂಟಿನ ಖರ್ಚೂ ಆರೋಪವಾದುದರಿಂದ, ಅದರ ಪ್ರತಿ ರೂಪಾಯಿಗೂ ರಸೀದಿಯಿರಲಿ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯಾಗಲಿ. ಯಾರೊಬ್ಬರ ಮೇಲೆ ಮೊಕದ್ದಮೆ ಬಿದ್ದರೂ ಅವರ ಮನೆಯ ಕೊಯ್ಲಿಗೆ ನಾವು ಕೈಗೂಡಿಸುವೆವೆಂಬ ಭರವಸೆ ಇಂದೇ ದೊರೆಯಲಿ. ಒಂಟಿತನದ ಭಯ ನೀಗಿದರೆ ಮೊಕದ್ದಮೆಯ ಅರ್ಧ ಬಲ ಕುಂದುತ್ತದೆ.