ಯಾರ ಉಪ್ಪು, ಯಾರ ಋಣ?



“ಉಂಡ ಮನೆಗೆ ಎರಡು ಬಗೆಯಬಾರದು” ಎಂಬ ಮಾತನ್ನು ನಮ್ಮ ಲೈನು ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಹೇಳಿಕೊಡುತ್ತೇವೆ. ಒಳ್ಳೆಯ ಮಾತೇ. ಆದರೆ ಈಗ ಈ ಮಾತು ಯಾರ ಬಾಯಿಂದ, ಯಾವ ಹೊತ್ತಿನಲ್ಲಿ ಬರುತ್ತಿದೆ ನೋಡಿರಿ. ಒಬ್ಬ ಮಂತ್ರಿಯ ಬಲಗೈ ಬಂಟ ಪೋಲೀಸರ ಕೈಗೆ ಸಿಕ್ಕಿದ ಕೂಡಲೇ ಅವನ ಹಿಂದಿನ ಗುಂಪು ಈ ಮಾತನ್ನು ಎತ್ತಿಕೊಳ್ಳುತ್ತದೆ. ಬಾಯಿಬಿಟ್ಟವನು ದ್ರೋಹಿ, ಬಾಯಿಮುಚ್ಚಿಕೊಂಡವನು ನಿಷ್ಠಾವಂತ! ಹಗರಣ ಬಂದಾಗ ನಿಷ್ಠೆ ಉಳಿಯುತ್ತದೆಯೋ ಇಲ್ಲವೋ ಎಂದು ಎಲ್ಲರೂ ಕೇಳುತ್ತಾರೆ. ಆ ನಿಷ್ಠೆ ಯಾರಿಗೆ ಸಲ್ಲಬೇಕಾದದ್ದು ಎಂದು ಕೇಳುವವರು ಕಡಿಮೆ. ನಾವು ಅದನ್ನು ಕೇಳೋಣ.

ಮೊದಲು ಗಡಿಯಾಚೆಯ ನಮ್ಮವರ ಸೀಮೆಗೆ ಹೋಗೋಣ. ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು 1956ರ ತನಕ ಬೀದರ ಜಿಲ್ಲೆಗೇ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಆಚೆಗೆ ಹೋದವು. ಇಂದು ಲಾತೂರ ಜಿಲ್ಲೆಯಲ್ಲಿವೆ. ಶಿರೂರ ಅನಂತಪಾಳ ಎಂಬ ಊರು ಈಗ ನಿಲಂಗಾ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ತಾಲೂಕು ಸ್ಥಳ. ಈ ನಿಲಂಗಾದವರಾದ ಶಿವಾಜಿರಾವ ಪಾಟೀಲ ನಿಲಂಗೇಕರರು 1985ರ ಜೂನ್ ತಿಂಗಳಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಗಳಾದರು. ಹಿಂದುಳಿದ ಸೀಮೆಯ ಮನುಷ್ಯ ಆ ಗದ್ದುಗೆ ಏರಿದ್ದು ಜನರಿಗೆ ಹೆಮ್ಮೆಯ ವಿಷಯವಾಗಿತ್ತು. ಆದರೆ ಒಂದು ವರ್ಷ ತುಂಬುವ ಮೊದಲೇ, 1986ರ ಮಾರ್ಚ್ ತಿಂಗಳಲ್ಲಿ, ಅವರು ರಾಜೀನಾಮೆ ಕೊಡಬೇಕಾಯಿತು.

ಕಾರಣವೇನು? 1985ರ ಅಕ್ಟೋಬರ್ ತಿಂಗಳಲ್ಲಿ ನಡೆದ ಬೊಂಬಾಯಿ ವಿಶ್ವವಿದ್ಯಾಲಯದ ಎಂ.ಡಿ. ಪರೀಕ್ಷೆಗೆ ಮುಖ್ಯಮಂತ್ರಿಯವರ ಮಗಳೂ ಕೂತಿದ್ದರು. ಅವರನ್ನು ತೇರ್ಗಡೆ ಮಾಡುವುದಕ್ಕಾಗಿ ಅಂಕಪಟ್ಟಿ ತಿದ್ದಲಾಗಿದೆ ಎಂದು, ಅದೇ ಪರೀಕ್ಷೆಯಲ್ಲಿ ನಪಾಸಾದ ಇನ್ನೊಬ್ಬ ವೈದ್ಯರು ಹೈಕೋರ್ಟಿಗೆ ಹೋದರು. ತಿದ್ದಿದ್ದು ಹೌದು, ಒಬ್ಬ ಪರೀಕ್ಷಕರೇ ತಿದ್ದಿದ್ದಾರೆ, ಅದು ಮುಖ್ಯಮಂತ್ರಿಯ ಅಥವಾ ಮಗಳ ಅಥವಾ ಇಬ್ಬರ ಮಾತಿನ ಮೇರೆಗೆ ನಡೆದಿದೆ ಎಂದು ನ್ಯಾಯಾಧೀಶರು ತೀರ್ಮಾನಿಸಿದರು. ಮೇಲ್ಮನವಿಯಲ್ಲಿ ಇಬ್ಬರು ನ್ಯಾಯಾಧೀಶರ ಪೀಠವು, ಮುಖ್ಯಮಂತ್ರಿಯೇ ಹೇಳಿ ಮಾಡಿಸಿದರೆಂಬ ನೇರ ತೀರ್ಮಾನವನ್ನು ಉಳಿಸಲಿಲ್ಲ. ಆದರೆ ಅವರ ವಿರುದ್ಧದ ಟೀಕೆಯನ್ನು ಕೈಬಿಡಲೂ ಇಲ್ಲ. ಆ ಟೀಕೆಯನ್ನು ಅಳಿಸಿರೆಂದು ಅವರು ಸುಪ್ರೀಂ ಕೋರ್ಟಿನ ತನಕ ಹೋದರು. 1986ರ ಕೊನೆಯಲ್ಲಿ ಆ ಕೋರ್ಟು ಅದನ್ನು ಒಪ್ಪಲಿಲ್ಲ. ಗಾಳಿ ನೀರಿನ ಕೊಳೆ ತೆಗೆಯುವಷ್ಟೇ ಸಾರ್ವಜನಿಕ ಜೀವನದ ಕೊಳೆ ತೆಗೆಯುವುದೂ ಅಗತ್ಯವೆಂಬ ಅರ್ಥದ ಮಾತನ್ನೂ ಹೇಳಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಲೇಖನಿ ಹಿಡಿದು ಅಂಕ ತಿದ್ದಿದ ಕೈ ಯಾರದು? ಮುಖ್ಯಮಂತ್ರಿಯದಲ್ಲ. ಕೆಳಗೆ ಕೂತ ಒಬ್ಬ ಪರೀಕ್ಷಕರದು. ಮೇಲಿನವರು ಬಾಯಿಬಿಟ್ಟು ಹೇಳಿದ್ದರೋ, ಹೇಳದೆಯೇ ಅವರನ್ನು ಮೆಚ್ಚಿಸಲು ಕೆಳಗಿನವರು ಮಾಡಿದರೋ, ಕೋರ್ಟಿನಲ್ಲಿ ಪೂರಾ ಸಾಬೀತಾಗಲಿಲ್ಲ. ದೊಡ್ಡವರ ಮನೆಯ ಕೆಲಸ ಇಂಥದ್ದೇ. ಅಲ್ಲಿ ಅಪ್ಪಣೆಗೆ ಕಾಗದವಿರುವುದಿಲ್ಲ, ಸಹಿ ಇರುವುದಿಲ್ಲ. ಒಂದು ಕಣ್ಸನ್ನೆ ಸಾಕು. ನಾಳೆ ತನಿಖೆ ಬಂದಾಗ ಕಣ್ಸನ್ನೆಗೆ ಸಾಕ್ಷಿಯಿಲ್ಲ. ತಿದ್ದಿದ ಕೈಗೆ ಮಾತ್ರ ಸಾಕ್ಷಿಯಿದೆ.

ಇನ್ನು ಜನರ ನಿಷ್ಠೆ? ಅದು ಉಳಿಯಿತು. ನಿಲಂಗೇಕರರು ಆ ಬಳಿಕವೂ ನಿಲಂಗಾದಿಂದ ಶಾಸಕರಾಗಿ ಆರಿಸಿ ಬಂದರು; ರಾಜ್ಯದ ಕಂದಾಯ ಮಂತ್ರಿಗಳೂ ಆದರು. 2004ರಲ್ಲಿ ಅವರನ್ನು ಸೋಲಿಸಿದವರು ಅವರ ಸ್ವಂತ ಮೊಮ್ಮಗ. 2009ರಲ್ಲಿ ಅಜ್ಜನೇ ಮತ್ತೆ ಗೆದ್ದರು. 2013ರಲ್ಲಿ ಮುಂಬಯಿಯ ಆದರ್ಶ ವಸತಿ ಸೊಸೈಟಿಯ ವಿಚಾರಣಾ ಆಯೋಗವು ದೋಷ ಹೊರಿಸಿದ ಮಾಜಿ ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. 2020ರ ಆಗಸ್ಟ್ ತಿಂಗಳಲ್ಲಿ ಅವರು ತೀರಿಕೊಂಡಾಗ ಎಲ್ಲ ಪಕ್ಷದವರೂ ಗೌರವ ಸಲ್ಲಿಸಿದರು. ಸತ್ತವರ ಮೇಲೆ ನಮಗೆ ಹಗೆಯಿಲ್ಲ. ನಮ್ಮ ಪ್ರಶ್ನೆ ಒಂದೇ: ಅಷ್ಟು ವರ್ಷ ಜೈಕಾರ ಹಾಕಿದವರಲ್ಲಿ ಎಷ್ಟು ಮಂದಿ, ತಿದ್ದಿದ ಪಟ್ಟಿಯಿಂದ ಅನ್ಯಾಯವಾದವರ ಹೆಸರನ್ನು ಒಮ್ಮೆಯಾದರೂ ನೆನೆದರು? ಅಂಕ ತಿದ್ದುವುದೆಂದರೆ ಆಟವಲ್ಲ. ಹೆರಿಗೆಯ ಕೋಣೆಯಲ್ಲಿ ನಮ್ಮ ಹೆಣ್ಣುಮಕ್ಕಳ ಪ್ರಾಣ ಯಾರ ಕೈಯಲ್ಲಿರಬೇಕೆಂದು ತೀರ್ಮಾನಿಸುವ ಪರೀಕ್ಷೆ ಅದು.

ನಲವತ್ತು ವರ್ಷದ ಹಿಂದಿನ ಕತೆ ಎನ್ನಬೇಡಿರಿ. ಲಾತೂರಿಗೆ ತಾಗಿಕೊಂಡೇ ಬೀಡ ಜಿಲ್ಲೆಯಿದೆ. ಕಬ್ಬು ಕಡಿಯಲು ಸಂಸಾರ ಕಟ್ಟಿಕೊಂಡು ಊರೂರು ಅಲೆಯುವ ಕೂಲಿಕಾರರ ಜಿಲ್ಲೆ ಅದು. ನಮಗೆ ಮೇಸ್ತ್ರಿ ಇದ್ದಂತೆ ಅವರಿಗೆ ಮುಕಾದಮ. ಮುಂಗಡ ಕೊಡುವವನು ಅವನೇ, ಲೆಕ್ಕ ಬರೆಯುವವನೂ ಅವನೇ. ಆ ಜಿಲ್ಲೆಯ ಮಸ್ಸಾಜೋಗ ಗ್ರಾಮದ ಸರಪಂಚ ಸಂತೋಷ ದೇಶಮುಖರನ್ನು 2024ರ ಡಿಸೆಂಬರ್ 9ರಂದು ಅಪಹರಿಸಿ, ಚಿತ್ರಹಿಂಸೆ ಕೊಟ್ಟು ಕೊಂದರು. ಗಾಳಿಯಂತ್ರದ ವಿದ್ಯುತ್ ಕಂಪನಿಯಿಂದ ಹಣ ಕೀಳುವ ಪ್ರಯತ್ನಕ್ಕೆ ಅವರು ಅಡ್ಡ ಬಂದರೆಂಬುದೇ ಕೊಲೆಗೆ ಕಾರಣವೆಂದು ತನಿಖೆಯವರು ಹೇಳಿದರು. ಆಗ ರಾಜ್ಯದ ಮಂತ್ರಿಯಾಗಿದ್ದ ಧನಂಜಯ ಮುಂಡೆಯವರ ಆಪ್ತನೆಂದು ಹೆಸರಾದ ವಾಲ್ಮೀಕ ಕರಾಡ ಡಿಸೆಂಬರ್ 31ರಂದು ಪುಣೆಯಲ್ಲಿ ತಾನಾಗಿ ಶರಣಾದನು. ಆರೋಪಪಟ್ಟಿಯಲ್ಲಿ ಅವನನ್ನೇ ಮೊದಲನೆಯ ಆರೋಪಿಯೆಂದು ಬರೆದರು. ಕೊಲೆಯ ಚಿತ್ರಗಳು ಹೊರಬಿದ್ದು ಜನ ಕೆರಳಿದ ಮೇಲೆ, 2025ರ ಮಾರ್ಚ್ 4ರಂದು ಮಂತ್ರಿ ರಾಜೀನಾಮೆ ಕೊಟ್ಟರು. ಅವರ ಮೇಲೆ ಈ ಕೊಲೆಯ ಆರೋಪ ಹೊರಿಸಿಲ್ಲ ಎಂಬುದನ್ನೂ, ಆರೋಪಿಯೆಂದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ತಪ್ಪು ಒಪ್ಪು ಹೇಳಬೇಕಾದದ್ದು ಕೋರ್ಟು.

ಆದರೆ ಪರಳಿ ಪಟ್ಟಣದಲ್ಲಿ ಅವನ ಬೆಂಬಲಿಗರು ಕೋರ್ಟಿಗೆ ಕಾಯಲಿಲ್ಲ. ಅವನನ್ನು ಬಿಡಬೇಕೆಂದು ಬೀದಿಗೆ ಇಳಿದರು, ಅಂಗಡಿ ಮುಚ್ಚಿಸಿದರು. ಇತ್ತ ಮಸ್ಸಾಜೋಗದಲ್ಲಿ ಸತ್ತವರ ಮನೆಯವರು ನ್ಯಾಯಕ್ಕಾಗಿ ಧರಣಿ ಕೂರಬೇಕಾಯಿತು. ಎರಡೂ ಕಡೆ ಸೇರಿದವರು ಹೊಲದಲ್ಲಿ ದುಡಿಯುವ ಬಡವರ ಮಕ್ಕಳೇ. ಜಾತಿಯ ಹೆಸರಿನಲ್ಲಿ ಇವರಿಬ್ಬರನ್ನು ಎದುರುಬದುರು ನಿಲ್ಲಿಸುವುದು ಯಾರಿಗೆ ಲಾಭವೆಂದು ನೀವೇ ಹೇಳಿರಿ.

ಇದು ಮರಾಠವಾಡದ ರೋಗ, ನಮ್ಮ ಕಾಫಿ ಸೀಮೆಗೆ ತಾಗಿದ್ದಲ್ಲ ಎಂದು ಯಾರಾದರೂ ಹೇಳಿದರೆ, ಅವರಿಗೆ ಚಿಕ್ಕಮಗಳೂರನ್ನು ನೆನಪಿಸಿರಿ. 1978ರ ನವೆಂಬರ್ ತಿಂಗಳಲ್ಲಿ ಅಲ್ಲಿಯ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ತೋಟದ ಆಳುಗಳೂ ಸಾಲುಗಟ್ಟಿ ನಿಂತು ವೋಟು ಹಾಕಿದ ಚುನಾವಣೆ ಅದು. ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಸದಸ್ಯತ್ವದಿಂದ ತೆಗೆದು ಜೈಲಿಗೆ ಕಳಿಸಿತು. ಜೊತೆಗೆ ಜೈಲು ಕಂಡವರು ಅವರ ಆಪ್ತ ಸಹಾಯಕ ಆರ್. ಕೆ. ಧವನ್, ಮತ್ತು ಸಿ.ಬಿ.ಐ.ಯ ಹಿಂದಿನ ಮುಖ್ಯಾಧಿಕಾರಿ ಡಿ. ಸೇನ್. ಮಾರುತಿ ಕಾರು ಕಂಪನಿಯ ಬಗ್ಗೆ ಲೋಕಸಭೆಯ ಪ್ರಶ್ನೆಯೊಂದಕ್ಕೆ ಮಾಹಿತಿ ಕೂಡಿಸುತ್ತಿದ್ದ ನಾಲ್ವರು ಅಧಿಕಾರಿಗಳನ್ನು ಕಿರುಕುಳಕ್ಕೆ ಗುರಿಮಾಡಿದರೆಂಬುದು ದೋಷಾರೋಪ. ಇದು ರಾಜಕೀಯ ಸೇಡು ಎಂದು ಅನೇಕರು ಹೇಳಿದರು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. ಅದಿರಲಿ.

ಧವನ್‌ರು ತಮ್ಮ ಯಜಮಾನಿಯನ್ನು ಬಿಟ್ಟುಕೊಡಲಿಲ್ಲ. ಅವರ ನಿಷ್ಠೆಯನ್ನು ಇಂದಿಗೂ ಹೊಗಳುವವರಿದ್ದಾರೆ. ಆದರೆ ಆ ಮನೆ ಅವರಿಗೆ ಎಷ್ಟು ನಿಷ್ಠೆ ತೋರಿಸಿತು? 1984ರಲ್ಲಿ ಇಂದಿರಾ ಗಾಂಧಿಯವರ ಕೊಲೆಯಾದ ಮೇಲೆ ಧವನ್‌ರನ್ನು ಕೆಲಸದಿಂದ ದೂರವಿಟ್ಟರು. ಠಕ್ಕರ್ ಆಯೋಗ ಅವರ ಮೇಲೆ ಸಂಶಯದ ಬೆರಳು ತೋರಿಸಿತು. 1989ರಲ್ಲಿ ರಾಜೀವ ಗಾಂಧಿಯವರು ಮತ್ತೆ ಕರೆದುಕೊಳ್ಳುವ ತನಕ, ಆ ಮನೆಗಾಗಿ ಜೈಲು ಕಂಡ ಮನುಷ್ಯ ಅದೇ ಮನೆಯ ಬಾಗಿಲ ಹೊರಗಿದ್ದರು. ಅಷ್ಟು ದೊಡ್ಡ ಸಹಾಯಕನ ಗತಿ ಇದಾದರೆ, ಹೆಸರಿಲ್ಲದ ಸಣ್ಣ ಬಂಟನ ಗತಿ ಏನು? ಮತ್ತು ಆ ನಾಲ್ವರು ಅಧಿಕಾರಿಗಳು? ತಮಗೆ ಒಪ್ಪಿಸಿದ ಕೆಲಸವನ್ನು ನೆಟ್ಟಗೆ ಮಾಡಿದವರು ಅವರೇ. ನಿಷ್ಠೆ ಎಂದರೆ ಅದು. ಅವರ ಹೆಸರು ನಮ್ಮಲ್ಲಿ ಯಾರಿಗಾದರೂ ಗೊತ್ತೇ?

ಇದೇ ಕತೆ ತೋಟದಲ್ಲಿ ಸಣ್ಣ ಅಳತೆಯಲ್ಲಿ ನಡೆಯುತ್ತದೆ. ಬಾರದ ಆಳಿಗೆ ಹಾಜರಿ ಬರೆಯುವವನು ರೈಟರು. ತೂಕದಲ್ಲಿ ಎರಡು ಕಿಲೋ ಕಮ್ಮಿ ಕೂಗುವವನು ಮೇಸ್ತ್ರಿ. ಓದಲು ಬಾರದ ಮುದುಕಿಯ ಹೆಬ್ಬೆಟ್ಟನ್ನು ಖಾಲಿ ಕಾಗದಕ್ಕೆ ಒತ್ತಿಸುವವನು ನಮ್ಮ ಲೈನಿನ ಹುಡುಗನೇ. ಕೇಳಿದರೆ “ಮೇಲಿನವರು ಹೇಳಿದರು” ಎನ್ನುತ್ತಾನೆ. ಲೆಕ್ಕ ತಪಾಸಣೆ ಬಂದ ದಿನ ಮೇಲಿನವರು “ನನಗೇನೂ ಗೊತ್ತಿಲ್ಲ” ಎನ್ನುತ್ತಾರೆ. ಕೆಲಸ ಹೋಗುವುದು ಹುಡುಗನದು. ಲೈನು ಮನೆ ಖಾಲಿ ಮಾಡುವುದು ಅವನ ಹೆಂಡತಿ ಮಕ್ಕಳು. ಕೆಳಗಿನಿಂದ ಮೇಲಕ್ಕೆ ಹೋಗುವ ನಿಷ್ಠೆ ಮೇಲಿನಿಂದ ಕೆಳಕ್ಕೆ ಇಳಿಯುವುದಿಲ್ಲ. ಇದನ್ನು ಪ್ರತಿಯೊಬ್ಬ ತಾಯಿಯೂ ತನ್ನ ಮಗನಿಗೆ ತಿಳಿಹೇಳಬೇಕು.

“ಹಾಗಾದರೆ ಕಷ್ಟಕ್ಕೆ ಸಿಕ್ಕಿದ ಒಡನಾಡಿಯನ್ನು ಕೈಬಿಡಬೇಕೇ?” ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರವೂ ನೇರವಾಗಿದೆ. ಜೈಲಿಗೆ ಹೋದವನನ್ನು ನೋಡಿ ಬರಿರಿ. ಅವನ ಮನೆಗೆ ಒಂದು ಸೇರು ಅಕ್ಕಿ ಕೊಡಿರಿ. ಅವನ ಮಕ್ಕಳು ಶಾಲೆ ಬಿಡದಂತೆ ನೋಡಿರಿ. ಅವನಿಗೆ ವಕೀಲರು ಸಿಗಲೆಂದು ಚಂದಾ ಎತ್ತಿರಿ. ಇದು ಮನುಷ್ಯನಿಗೆ ತೋರಿಸುವ ನಿಷ್ಠೆ. ಎಂಥ ಹಗರಣದಲ್ಲಿಯೂ ಇದು ಉಳಿಯಬೇಕು. ಆದರೆ ಅವನಿಗಾಗಿ ಸುಳ್ಳು ಸಾಕ್ಷಿ ಹೇಳುವುದು, ಕಾಗದ ಬಚ್ಚಿಡುವುದು, ಫಿರ್ಯಾದಿ ಕೊಟ್ಟವರನ್ನು ಬೆದರಿಸುವುದು, ಅವನ ಹೆಸರಿನಲ್ಲಿ ಅಂಗಡಿ ಮುಚ್ಚಿಸುವುದು, ಇವು ನಿಷ್ಠೆಯಲ್ಲ. ಇವು ಅವನ ಪಾಪದಲ್ಲಿ ಪಾಲು.

ಆದುದರಿಂದ, ಖಾಲಿ ಕಾಗದಕ್ಕೆ ಸಹಿ ಮಾಡಬೇಡಿರಿ, ಹೆಬ್ಬೆಟ್ಟು ಒತ್ತಬೇಡಿರಿ. ತಪ್ಪು ಲೆಕ್ಕ ಬರೆಯೆಂದು ಹೇಳಿದರೆ “ಕಾಗದದ ಮೇಲೆ ಅಪ್ಪಣೆ ಕೊಡಿ” ಎಂದು ಕೇಳಿರಿ. ಬಾಯಿಮಾತಿನ ಅಪ್ಪಣೆಗಳಲ್ಲಿ ಅರ್ಧ ಅಲ್ಲಿಯೇ ಸಾಯುತ್ತವೆ. ಒಬ್ಬನೇ ನಿಂತು ಕೇಳಿದರೆ ಕೆಲಸ ಹೋದೀತು. ಹತ್ತು ಮನೆ ಸೇರಿ ಕೇಳಿರಿ, ಯೂನಿಯನ್ನಿನ ಮೂಲಕ ಕೇಳಿರಿ. ಸತ್ಯ ಹೇಳಿದ ರೈಟರನ್ನು ತೋಟದಿಂದ ಓಡಿಸಲು ಬಂದಾಗ ಅವನ ಬೆನ್ನಿಗೆ ನಿಲ್ಲಿರಿ. ನಾಯಕನ ಪರವಾಗಿ ಬೀದಿಗೆ ಬನ್ನಿರೆಂದು ಲಾರಿ ಕಳಿಸಿದರೆ, ಆ ಲಾರಿ ಖಾಲಿ ಹಿಂದಿರುಗಲಿ.

ಉಂಡ ಮನೆಗೆ ಎರಡು ಬಗೆಯಬಾರದು, ಸರಿ. ಆದರೆ ಉಂಡವರು ಯಾರು? ಮಂತ್ರಿಯ ಸಂಬಳ, ಕಾರು, ಬಂಗಲೆ, ಅವನ ಸಹಾಯಕನ ಸಂಬಳ, ಎಲ್ಲವೂ ನಮ್ಮ ಬೆಂಕಿಪೊಟ್ಟಣದ ಮೇಲೆ, ಸೋಪಿನ ಮೇಲೆ, ಬಸ್ಸಿನ ಟಿಕೀಟಿನ ಮೇಲೆ ಬಿದ್ದ ತೆರಿಗೆಯಿಂದ ಬಂದದ್ದು. ನಾವು ಅವರ ಮನೆಯಲ್ಲಿ ಉಂಡಿಲ್ಲ. ಅವರು ನಮ್ಮ ಮನೆಯಲ್ಲಿ ಉಂಡಿದ್ದಾರೆ. ಎರಡು ಬಗೆದವರೂ ಅವರೇ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದೂ ನಮ್ಮ ಹಿರಿಯರ ಮಾತೇ. ಉಪ್ಪು ತಿಂದವರೇ ನೀರು ಕುಡಿಯಲಿ. ಅವರ ಪರವಾಗಿ ಕುಡಿಯಲು ನಮ್ಮ ಮಕ್ಕಳನ್ನು ಕಳಿಸುವುದು ಬೇಡ.